ನಾನು ಕೇಳದ ಪ್ರಸಂಗ

ಮಾಂಯ್, ನಿಮ್ಮ ಹರಕೆಯನ್ನು ನಾನು ಕದ್ದೆ. ಬೆಳಗಿನ ಪೂಜೆಗೆಂದು ನೀವು ಕಳಿಸಿದ ಸೊಸೆ ಇಗರ್ಜಿಗೆ ಹೋಗುತ್ತಿರಲಿಲ್ಲ — ಟೈಪಿಂಗ್ ಕಲಿಯಲು ಹೋಗುತ್ತಿದ್ದಳು. ನೀವು ಬದುಕಿದ್ದಾಗ ಬಾಯಿಗೆ ಬಾರದ ಮಾತನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಊರು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಮೊಣಕಾಲು ಗುಣವಾಗಲೆಂದು ನೀವು ದಿನವೂ ಆರು ಗಂಟೆಯ ಪೂಜೆಗೆ ಹೋಗುವ ಹರಕೆ ಹೊತ್ತಿರಿ. ಆ ಮೊಣಕಾಲೇ ಕದ್ರಿಯ ಇಳಿಜಾರು ಇಳಿಯಲು ಬಿಡಲಿಲ್ಲ. ನಿಮ್ಮ ಬದಲಿಗೆ ನಾನು.

ನಾನು ಹೇಳಬೇಕೆಂದಿರುವ ಆ ದಿನವೂ ಎಲ್ಲ ದಿನದಂತೆಯೇ ಶುರುವಾಯಿತು. ಐದು ಗಂಟೆಗೆ ನಿಮ್ಮ ಊರುಗೋಲು ಹಲಗೆ ಗೋಡೆಗೆ ಬಡಿಯಿತು. "ಸೆಲಿನ್, ಏಳು. ದೇವರು ಕಾಯುದಿಲ್ಲ." ಒಲೆ ಹೊತ್ತಿಸಿದೆ, ಗಂಜಿಗೆ ನೀರಿಟ್ಟೆ, ನಿಮಗೆ ಬೆಲ್ಲದ ಕಾಫಿ ಕೊಟ್ಟೆ. ಕಪ್ಪು ವೇಲನ್ನು ಎರಡು ಪಿನ್ನು ಹಾಕಿ ತಲೆಗೆ ಸಿಕ್ಕಿಸಿ ಹೊರಟೆ. ಗುಡ್ಡದ ಕೆಳಗಿನ ತಿರುವಿನಲ್ಲಿ ಬಲಕ್ಕೆ ಇಗರ್ಜಿ. ನಾನು ಎಡಕ್ಕೆ ತಿರುಗಿದೆ. ವೇಲು ಚೀಲದೊಳಗೆ ಹೋಯಿತು.

ನಮಗೆ ಊಟಕ್ಕೆ ಕೊರತೆಯಿತ್ತೆಂದು ಹೇಳಲಾರೆ. ಕಾನ್ವೆಂಟಿನ ಆಫೀಸಿನಲ್ಲಿ ಒಬ್ಬ ಸಿಸ್ಟರ್ ಕೀಲಿಗಳ ಕಡೆ ನೋಡದೆ ಟೈಪ್ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿದ್ದೆ — ನನ್ನ ಬೆರಳಿಗೂ ಅದು ಬೇಕೆನ್ನಿಸಿತ್ತು, ಅಷ್ಟೇ. ಆದರೆ ಹುಮ್ಮಸ್ಸು ಎಂಟು ದಿನದ ನೆಂಟ. ಒಂಬತ್ತನೆಯ ದಿನದಿಂದ ಬೆರಳ ತುದಿ ನೋಯುತ್ತಿತ್ತು. ನೋಡದೆ ಹೊಡೆಯಲೆಂದು ಟೈಪಿಂಗ್ ಕ್ಲಾಸಿನ ಮಾಸ್ತರರು ಕೀಲಿಗಳ ಮೇಲೆ ಬಟ್ಟೆ ಮುಚ್ಚುತ್ತಿದ್ದರು. ಕಿರುಬೆರಳಿನ ‘ಎ’ ಅಕ್ಷರ ಮಾತ್ರ ಯಾವಾಗಲೂ ಮಸುಕು. "ಎಂತಮ್ಮ, ಆ ಬೆರಳಿಗೆ ಮನೆಯಲ್ಲಿ ಗಂಜಿ ಹಾಕುದಿಲ್ವಾ?" ಎಂದರು ಮಾಸ್ತರರು. ಹುಡುಗಿಯರೆಲ್ಲ ನಕ್ಕರು.

ಬಿಟ್ಟೇಬಿಡುತ್ತಿದ್ದೆ. ಆದರೆ ಐದು ಗಂಟೆಗೆ ಊರುಗೋಲು ಬಡಿಯುತ್ತಿತ್ತಲ್ಲ — ಏಳದಿದ್ದರೆ ಕಾರಣ ಹೇಳಬೇಕು. ಎದ್ದ ಮೇಲೆ ನಡೆಯಬೇಕು, ನಡೆದ ಮೇಲೆ... ಎಡಕ್ಕೋ ಬಲಕ್ಕೋ ತಿರುಗಲೇಬೇಕು. ಆಸೆ ನನ್ನದು, ಮಾಂಯ್. ಅದನ್ನು ದಿನವೂ ಹಾಸಿಗೆಯಿಂದ ಎಬ್ಬಿಸಿದ್ದು ನೀವು.

ಆ ಬೆಳಿಗ್ಗೆ ಕೊನೆಯ ಟೆಸ್ಟ್. ಒಂದು ತಪ್ಪೂ ಇಲ್ಲದೆ ಒಂದು ಪುಟ ಹೊಡೆದವರ ಹೆಸರು ಮಾತ್ರ ಲೋವರ್ ಪರೀಕ್ಷೆಗೆ ಹೋಗುತ್ತದೆ. ಮಾಸ್ತರರು ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹ್ಞೂಂ, ‘ಎ’ ಈಗ ಊಟ ಮಾಡಿದ ಹಾಗೆ ಕಾಣ್ತದೆ. ಕಳಿಸ್ತೇನೆ ಹೆಸರು."

ಮನೆಗೆ ಬಂದು, ಬೆರಳಿನ ಮಸಿಯನ್ನು ಬಿಂಬುಳಿ ಹುಳಿಯಲ್ಲಿ ಉಜ್ಜಿ, ನಿಮ್ಮ ಮುಂದೆ ನಿಂತೆ. "ಇವತ್ತು ಎಂತ ಪ್ರಸಂಗ?" — ಪೂಜೆಯಲ್ಲಿ ಪಾದ್ರಿಗಳು ಏನು ಬೋಧಿಸಿದರೆಂಬ ದಿನದ ಪ್ರಶ್ನೆ. ಕಾನ್ವೆಂಟಿನಲ್ಲಿ ಕಲಿತ ಬೈಬಲ್ ಕಥೆಗಳಿಂದ ದಿನಕ್ಕೊಂದು ಹೊಸೆಯುತ್ತಿದ್ದೆ. ಅವತ್ತು ಸಂತೋಷದ ಸೊಕ್ಕು. ಒಡೆಯ ಕೊಟ್ಟ ನಾಣ್ಯವನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಕಥೆಯನ್ನು ಉದ್ದಕ್ಕೆ ಹೇಳಿದೆ. ಪಾದ್ರಿಗಳ ಸ್ವರ ಇವತ್ತು ಹೊರಗಿನ ಮೆಟ್ಟಿಲಿನವರೆಗೂ ಕೇಳುತ್ತಿತ್ತೆಂದೂ ಸೇರಿಸಿದೆ. ನೀವು ಕಣ್ಣು ಒರೆಸಿಕೊಂಡು ಮೊಣಕಾಲು ನೀವಿಕೊಂಡಿರಿ. "ಇನ್ನು ಗುಣ ಆಗ್ತದೆ, ನೋಡು."

ಗುಣವಾಗಲಿಲ್ಲ.

ಕಲಿತದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಅಂದೂ ಇಲ್ಲ, ಇಂದೂ ಇಲ್ಲ. ನೀವು ಮಲಗುತ್ತಿದ್ದ ಕೋಣೆಯಲ್ಲೇ ಈಗ ನನ್ನ ಮೆಷಿನ್ ಉಂಟು. ವಕೀಲರ ಕಾಗದಗಳು ಇಲ್ಲಿಗೇ ಬರುತ್ತವೆ. ಯಾರಾದರೂ ಬೇಡವೆಂದಿದ್ದರೂ ಕಲಿಯುತ್ತಿದ್ದೆ. ಆದರೆ ನಿಮ್ಮನ್ನು ಒಂದು ಮಾತು ಕೇಳಲಿಲ್ಲ — ನೀವು ಬೇಡವೆನ್ನುತ್ತೀರೆಂದು ನಾನೇ ತೀರ್ಮಾನಿಸಿಬಿಟ್ಟೆ. ನೋವಿನಲ್ಲಿದ್ದ ಹೆಂಗಸಿನ ಪ್ರಾರ್ಥನೆಯನ್ನು ದಾರಿಯಲ್ಲೇ ಬಿಟ್ಟು, ಮನೆಗೆ ಬಂದು ಅವಳಿಗೆ ಕಥೆ ಹೇಳಿದೆ. ಅದು ತಪ್ಪು.

ಮರುದಿನದಿಂದ ನೀವು ಪ್ರಸಂಗ ಕೇಳುವುದನ್ನು ನಿಲ್ಲಿಸಿದಿರಿ. ಊರುಗೋಲು ಮಾತ್ರ ನಿಲ್ಲಲಿಲ್ಲ — ನಾನು ಹೈಯರ್ ಪರೀಕ್ಷೆಯನ್ನೂ ಮುಗಿಸುವವರೆಗೆ, ದಿನವೂ, ಐದಕ್ಕೆ. ಯಾಕೆಂದು ನೀವು ಹೇಳಲಿಲ್ಲ. ನಾನು — ಕೇಳಲಿಲ್ಲ.

ಟೆಸ್ಟ್ ಆದ ಆ ದಿನವೇ ಸಂಜೆ ಪಕ್ಕದ ಮನೆಯ ಐಸಮ್ಮ ಕರಿಬೇವಿಗೆ ಬಂದಿದ್ದರು. ಅವರ ಗಂಡನ ಅಂಗಡಿ ಇಗರ್ಜಿಯ ಗೇಟಿನ ಎದುರಿಗೆ. ನಾನು ಅಂಗಳದಲ್ಲಿ ಎಸಳು ಕೀಳುತ್ತಿದ್ದೆ. ನೀವು ಜಗಲಿಯಿಂದ ಹೆಮ್ಮೆಯಲ್ಲಿ, "ನಮ್ಮ ಸೆಲಿನ್ ಇವತ್ತಿನ ಪ್ರಸಂಗ ಹೇಳಿದ್ದು ಕೇಳ್ಬೇಕಿತ್ತು ನೀವು, ಪಾದ್ರಿಗಳೇ ಮನೆಗೆ ಬಂದ ಹಾಗೆ!" ಎಂದಿರಿ.

ಐಸಮ್ಮ ಕರಿಬೇವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ ನಕ್ಕರು. "ಅದು ನಿನ್ನೆಯದ್ದಾಗಿರ್ಬೇಕು. ಇವತ್ತು ಪಾದ್ರಿಗೆ ಸ್ವರವೇ ಇಲ್ಲವಂತೆ, ಜ್ವರ. ಪೂಜೆ ಇಲ್ಲ ಅಂತ ಬಂದವರೆಲ್ಲ ಗೇಟಿಂದಲೇ ವಾಪಸು ಹೋದ್ರಂತೆ, ನಮ್ಮವರು ನೋಡಿದ್ದು. ಪಾಪ, ನಿಮ್ಮ ಸೊಸೆಯೂ ಸುಮ್ಮನೆ ಗುಡ್ಡ ಇಳಿದು ಹತ್ತಿದ್ದು ಮಾರಾಯ್ತಿ!"