ಅವ್ವ ಕೇಳಿದ ದಾರಿ

ಬಿರುಗಾಳಿ ಬಡಿದುಹೋದ ಮೇಲೆ ಹೊಳೆದಂಡೆಯ ನಮ್ಮ ಕೇರಿಯಲ್ಲಿ ಅರ್ಧ ಮನೆಗಳಿಗೆ ಸೂರೇ ಇರಲಿಲ್ಲ. ಹೊಳೆಗೆ ಬಿದ್ದಿದ್ದ ತಗಡಿನ ಶೀಟುಗಳನ್ನು ಎಳೆದು ತಂದು, ಎಲ್ಲರೂ ಸೇರಿ ದಿನಕ್ಕೆ ಎರಡು ಮನೆಯಂತೆ ಹೊದಿಸುತ್ತಿದ್ದರು. ನಾನು ಹೊಳೆನರಸೀಪುರದ ಕಡೆ ಲೈನ್‌ಮ್ಯಾನ್. ಮೂರು ದಿನ ಕಂಡವರ ಊರಿನ ಕಂಬ ಎತ್ತಿ, ನಾಲ್ಕನೆಯ ದಿನ ಸ್ವಂತ ಊರಿಗೆ ಬಂದೆ.

ಕೇರಿಗೆ ಬರುವ ಲೈನು ಊರಿನ ದೊಡ್ಡ ಯಜಮಾನರ ತೆಂಗಿನ ತೋಟದೊಳಗೆ ಹಾದುಬರುತ್ತದೆ. ಅಲ್ಲಿ ನಾಲ್ಕು ಕಂಬ ಮುರಿದಿದ್ದವು. ತೋಟದ ನಡುವೆಯೇ ಇರುವ ಅವರ ಮನೆಗೂ ಅದೇ ಲೈನು. ಹಾಲು ಕರೆಯುವ ಮಷಿನ್ ನಿಂತು, ಕೈಯಲ್ಲೇ ಕರೆದು ಕರೆದು ಯಜಮಾನರ ಬೆರಳು ಊದಿದ್ದವಂತೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಈ ಮನುಷ್ಯ ತೋಟಕ್ಕೆ ತಂತಿ ಬೇಲಿ ಬಿಗಿದು, ಇಲ್ಲಿ ದಾರಿ ಇಲ್ಲ ಅಂದುಬಿಟ್ಟಿದ್ದರು. ನಮ್ಮ ಸ್ಮಶಾನ ಇರುವುದು ತೋಟದ ಆಚೆಗೆ. ಸುತ್ತು ಹಾಕಿ, ಹೊಳೆಯ ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು ಅಪ್ಪನನ್ನು ಹೊತ್ತೆವು. ಒಂದು ಕಡೆ ಚಟ್ಟ ಕೈಜಾರಿ ಕೆಸರಿಗೆ ಬಿತ್ತು. ಆ ಸದ್ದು ನಾನು ಮರೆತಿಲ್ಲ.

ಈಗ ಅವರೇ ಗೇಟು ತೆಗೆದು, ಕಂಬ ಹೇರಿದ ಟ್ರ್ಯಾಕ್ಟರನ್ನು ಒಳಗೆ ಕರೆದರು.

"ಇಲ್ಲಿ ದಾರಿ ಇಲ್ವಲ್ಲ ಯಜಮಾನ್ರೇ" ಅಂದೆ.

ಟ್ರ್ಯಾಕ್ಟರ್ ತಿರುಗಿಸಿ ಮುಂದಿನ ಊರಿಗೆ ಹೊಡೆಸಿದೆ. ಎರಡು ದಿನ ಹೀಗೇ ಸತಾಯಿಸಿದೆ. ಸಾಹೇಬರು ಫೋನಿನಲ್ಲಿ ಬೈದರು, ಬೈಸಿಕೊಂಡೆ. ಎರಡು ವರ್ಷ ಕಾದಿದ್ದ ಸೇಡು ಅದು.

ಆದರೆ ಕರೆಂಟಿಲ್ಲದೆ ಕೇರಿಯ ಮೋಟಾರೂ ನಿಂತಿತ್ತು. ಹೆಂಗಸರು ಹೊಳೆಯ ಕೆಂಪು ನೀರನ್ನು ಸೋಸಿ ಕಾಯಿಸುತ್ತಿದ್ದರು. ನನ್ನ ಹಟಕ್ಕೆ ನಮ್ಮವರೇ ಸಾಯಬೇಕೇ ಎಂದು ನಾಚಿಕೆಯಾಯಿತು. ನಾಳೆ ಕಂಬ ನಿಲ್ಲಿಸಿಬಿಡುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವಳು ಪಕ್ಕದ ಮನೆಯ ಶೀಟು ಹಾರದಂತೆ ಇಡಲು ಕಲ್ಲು ಎತ್ತಿಕೊಡುತ್ತಿದ್ದಳು.

"ನೀರು ನಾವು ಒತ್ಕೊಂಡ್ ತತ್ತೀವಿ ಕಣ್ಲಾ. ದಾರಿ ಬುಡ್ತೀನಿ ಅಂತ ಅವ್ರು ಎಲ್ರ ಮುಂದೆ ಅನ್ಲಿ, ಆಮ್ಯಾಲೆ ಕಂಬ ನೆಡು."

ಅದನ್ನೇ ಯಜಮಾನರಿಗೆ ಹೇಳಿಕಳಿಸಿದೆ. ಮಾರನೆಯ ದಿನ ಅವರು ಕೇರಿಯವರ ಮುಂದೆ ನಿಂತು, ನೆಲ ನೋಡುತ್ತಾ, ನಿಮ್ಮವರು ಯಾರು ಸತ್ತರೂ ತೋಟದಲ್ಲೇ ಎತ್ತಿಕೊಂಡು ಹೋಗಿ ಎಂದರು. ಬೇಲಿಯ ತಂತಿಯನ್ನು ತಾವೇ ಕತ್ತರಿಸಿದರು. ಕ್ಷಮಿಸಿ ಎಂದು ಮಾತ್ರ ಬಾಯಿಂದ ಬರಲಿಲ್ಲ. ಸಂಜೆಯೊಳಗೆ ಕರೆಂಟು ಕೊಟ್ಟೆ.

ಮನೆಗೆ ಬಂದರೆ ಅವ್ವ ಇಲ್ಲ. ಹುಡುಕಿಕೊಂಡು ಹೋದೆ. ತೋಟದ ನಡುವಿನ ಆ ದಾರಿಯಲ್ಲಿ, ಯಜಮಾನರ ಜಗುಲಿಯ ಮುಂದೆಯೇ ನಡೆದುಹೋಗುತ್ತಿದ್ದಳು. ಅವರು ಗಾಬರಿಯಿಂದ, ಯಾರು ಸತ್ತರು ಎಂದು ಕೇಳಿದರು.

"ಯಾರೂ ಸತ್ತಿಲ್ಲ ಯಜಮಾನ್ರೇ. ಸತ್ತ ಮ್ಯಾಲೆ ನಡಿಯಕ್ಕಾಯ್ತದಾ? ಅದ್ಕೇ ಈಗ್ಲೇ ಓಡಾಡ್ತಿವ್ನಿ."

ಈಗಲೂ ದಿನಕ್ಕೆರಡು ಸಲ ಹೋಗಿಬರುತ್ತಾಳೆ. ಯಜಮಾನರು ಜಗುಲಿಯಲ್ಲಿ ಕೂತಿದ್ದರೆ ಇನ್ನಷ್ಟು ನಿಧಾನವಾಗಿ ನಡೆಯುತ್ತಾಳೆ.