ತೊಳೆದುಕೊಂಡು ಹೋದ ಪಾದಗಳು

ಪವಿತ್ರ ಗುರುವಾರದ ಮಧ್ಯಾಹ್ನ ನಮ್ಮ ಯಲ್ಲಾಪುರದ ಕ್ರೈಸ್ತರ ಹನ್ನೆರಡು ಮನೆಗಳ ಬಚ್ಚಲಲ್ಲಿ ಹನ್ನೆರಡು ಗಂಡಸರು ಹಿಮ್ಮಡಿ ತಿಕ್ಕುತ್ತಿರುತ್ತಾರೆ. ಯೇಸು ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ ಅಂದು ಸಂಜೆ ಇಗರ್ಜಿಯಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ; ತೊಳೆಸಿಕೊಳ್ಳುವ ನಾವೋ, ಕೊಳೆ ಕಂಡರೆ ಮಾನ ಹೋದೀತೆಂದು, ಮೊದಲೇ ಸೋಪು ಹಚ್ಚಿ, ಉಗುರು ಕತ್ತರಿಸಿ, ಬಿರುಕಿಗೆ ಎಣ್ಣೆ ಸವರಿ, ಮದುವೆಗೆ ಹೊರಟವರಂತೆ ಪಾದ ಸಿಂಗರಿಸಿಕೊಂಡು ಹೋಗುತ್ತೇವೆ. ಈ ವರ್ಷ ಆ ಹನ್ನೆರಡು ಜನರಲ್ಲಿ ನಾನೂ ಒಬ್ಬ. ನಗಬೇಡಿ, ನಾನೂ ಅರ್ಧ ಗಂಟೆ ತಿಕ್ಕಿದೆ.

ನನ್ನನ್ನು ಆರಿಸಲು ಕಾರಣವಿತ್ತು. ಇಪ್ಪತ್ತು ವರ್ಷಗಳ ಹಿಂದೆ ಶಿರಸಿಯ ಮೈದಾನದಲ್ಲಿ ಸಾವಿರದೈನೂರು ಮೀಟರ್ ಓಟ ಗೆದ್ದವನು, ಕೈಯೆತ್ತಿ ಕುಣಿಯುವ ಬದಲು ಗೆರೆ ದಾಟಿದಲ್ಲೇ ಮಂಡಿಯೂರಿ ಶಿಲುಬೆಯ ಗುರುತು ಮಾಡಿದೆನಲ್ಲ, ಆ ಬಾಗಿದ ತಲೆಯೇ ನಮ್ಮವರಲ್ಲಿ ವಿನಯಕ್ಕೆ ಮಾದರಿಯಾಗಿ ಉಳಿದುಬಿಟ್ಟಿದೆ. ಮಕ್ಕಳಿಗೆ ಬುದ್ಧಿ ಹೇಳುವಾಗ ಫಾದರೂ ಅದನ್ನೇ ಹೇಳುತ್ತಾರೆ. ಯಾರೂ ಹೇಳದ ಸಂಗತಿಯೊಂದಿದೆ. ಕೊನೆಯ ತಿರುವಿನಲ್ಲಿ ನನ್ನನ್ನು ಹಿಂದಿಕ್ಕಲು ಬಂದ ಸಿದ್ದಾಪುರ ಕಡೆಯ ಗಣಪತಿಯ ಪಕ್ಕೆಗೆ ನಾನು ಮೊಣಕೈಯಿಂದ ತಿವಿದಿದ್ದೆ. ಅವನು ಬಿದ್ದ, ಮಂಡಿ ಹೋಯಿತು, ಅದರೊಂದಿಗೆ ಓಟವೂ ಹೋಯಿತು. ಆ ನೂಕುನುಗ್ಗಲಿನಲ್ಲಿ ತನ್ನ ಕಾಲೇ ತೊಡರಿತೆಂದು ಅವನು ನಂಬಿದ. ನಾನು ಮಂಡಿಯೂರಿದ್ದು ದೇವರಿಗೆ ವಂದಿಸಲೋ, ಹಿಂದೆ ತಿರುಗಿ ನೋಡುವುದನ್ನು ತಪ್ಪಿಸಲೋ, ನನಗೇ ಇಂದಿಗೂ ಬಗೆಹರಿದಿಲ್ಲ.

ಗೆದ್ದವನಿಗೆ ವಿನಯವೆಂಬುದು ಎರಡನೆಯ ಪದಕ, ಮಿತ್ರರೇ. ತಲೆ ತಗ್ಗಿಸಿದಷ್ಟೂ ಹಾರ ಹಾಕುವವರಿಗೆ ಸಲೀಸು. ಹಾಗೆ ಹಾಕಿಸಿಕೊಂಡ ಹಾರಗಳ ಭಾರ ಮಾತ್ರ ವರ್ಷ ಹೋದಂತೆ ಹೆಚ್ಚುತ್ತದೆ.

ಎಪ್ಪತ್ತು ದಾಟಿದ ಫಾದರ್ ನೋಯುವ ಸೊಂಟ ಬಗ್ಗಿಸಿ ನನ್ನ ಕಾಲಿಗೆ ನೀರು ಹೊಯ್ದಾಗ ಅಳು ಬಂತು. ಜನ ಅದನ್ನೂ ಭಕ್ತಿಯೆಂದೇ ತಿಳಿದರು. ಎಲ್ಲ ಮುಗಿದ ಮೇಲೆ ಪಾಪನಿವೇದನೆಗೆ ಕೂತು ನಡೆದದ್ದನ್ನೆಲ್ಲ ಹೇಳಿದೆ.

"ದೇವರಿಗೆ ಇದು ಹೊಸ ಸುದ್ದಿ ಅಲ್ಲ," ಎಂದರು ಫಾದರ್. "ಗೊತ್ತಿಲ್ಲದವನ ಹತ್ರ ಹೋಗಿ ಹೇಳು."

ಮರುವಾರ ಅವನ ಊರಾದ ನಿಲ್ಕುಂದಕ್ಕೆ ಹೋದೆ. ಗಣಪತಿ ಕುಂಟುತ್ತಲೇ ಅಂಗಳಕ್ಕಿಳಿದು ಬಂದ. "ಎಂತ ಮಾರಾಯ, ದಾರಿ ತಪ್ಪಿ ಬಂದ್ಯಾ?" ಎಂದು ನಕ್ಕು, ಚಾ ಮಾಡಲು ಮಗಳಿಗೆ ಕೂಗಿ ಹೇಳಿದ. ಜಗಲಿಯಲ್ಲಿ ಕೂತವನೇ, ಧೈರ್ಯ ಆರುವ ಮುಂಚೆ, ಮೊಣಕೈಯ ಕಥೆ ಹೇಳಿಬಿಟ್ಟೆ.

ಅವನು ತಲೆ ಬಗ್ಗಿಸಿ ತನ್ನ ಮಂಡಿ ಸವರಿಕೊಂಡ. ನನ್ನೊಡನೆ ಯಾವಾಗಲೂ ಪೇಟೆಯ ಕನ್ನಡ ಆಡುವವನು ಅಂದು ಮನೆಮಾತಿನಲ್ಲಿ, ತನಗೇ ಹೇಳಿಕೊಳ್ಳುವಂತೆ ಅಂದ: "ಆನೇ ಎಡವಿದ್ದಿ ಹೇಳಿ ತಿಳ್ಕಂಡಿದ್ದಿ. ನಮ್ಮನೆಯವ್ರ ಕಾಲಿಗೆ ಓಟ ಆಗ್ತಿಲ್ಲೆ ಹೇಳಿ ಮಗಳಿಗೂ ಓಡಲೆ ಬಿಟ್ಟಿದ್ನಿಲ್ಲೆ."

ತಾನೇ ಎಡವಿದೆನೆಂದುಕೊಂಡು ಅವನು ಮಗಳನ್ನೂ ಓಡಲು ಬಿಟ್ಟಿರಲಿಲ್ಲ. ಒಬ್ಬನನ್ನು ಬೀಳಿಸಿದ್ದೇನೆಂದು ಇಷ್ಟು ವರ್ಷ ತಿಳಿದಿದ್ದೆ. ಇಬ್ಬರು ಬಿದ್ದಿದ್ದರು.

ಅಷ್ಟರಲ್ಲಿ ಆ ಮಗಳೇ ಚಾ ತಂದಳು. ಕಾಲೇಜಿಗೆ ಹೋಗುವ, ಉದ್ದ ಕಾಲಿನ ಹುಡುಗಿ. "ಗೆದ್ದೂ ಮಂಡಿಯೂರಿದವ್ರು ಹೇಳಿ ಅಪ್ಪಯ್ಯ ಯಾವಾಗ್ಲೂ ಹೇಳ್ತಿರ್ತಾರೆ, ನೀವೇ ಅಲ್ವಾ?" ಎಂದಳು. ಗಣಪತಿ ತಲೆಯೆತ್ತಲಿಲ್ಲ.

"ನಿನ್ನ ಅಪ್ಪಯ್ಯನ್ನ ಬೀಳಿಸಿ ಗೆದ್ದವ ನಾನು, ತಂಗಿ," ಎಂದೆ.

ಅವಳು ಲೋಟವನ್ನು ನನ್ನ ಕೈಗೆ ಕೊಡದೆ ಜಗಲಿಯ ಮೇಲಿಟ್ಟು, ತಂದೆಯ ಪಕ್ಕ ಹೋಗಿ ಕೂತಳು. 'ಕ್ಷಮಿಸಿ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮನೆಗೆ ಬಂದವನು ಕೇಳಿದರೆ ಇಲ್ಲವೆನ್ನಲು ಆ ಮನೆಯವರಿಗೆ ಬಾರದು. ಕೇಳಿದ್ದರೆ ಅಲ್ಲಿಯೂ ನಾನೇ ಗೆದ್ದಂತಾಗುತ್ತಿತ್ತು. ಕೇಳಲಿಲ್ಲ. ಚಾ ಕುಡಿದು, ಬಸ್ಸಿನ ಹೊತ್ತಾಗುವವರೆಗೆ ಅವರಿಬ್ಬರ ಎದುರು ಸುಮ್ಮನೆ ಕೂತಿದ್ದೆ.