ಸಾಹುಕಾರರ ಕೋಟು ತೊಟ್ಟು ಕೊಟ್ಟ ಒದೆ

ಹರಿಹರದಿಂದ ನಾನೂ ಅಪ್ಪನೂ ಒಂದೇ ರೈಲಿಗೆ ದಾವಣಗೆರೆಗೆ ಬರುತ್ತಿದ್ದೆವು. ಅಪ್ಪ ಸಾಹುಕಾರರ ಅಂಗಡಿಗೆ, ಹತ್ತಿ ತುಂಬಿದ ಅಂಡಿಗೆಗಳನ್ನು ತೂಗುವ ಕೆಲಸಕ್ಕೆ, ನಾನು ಕಾಲೇಜಿಗೆ. ಅರವತ್ತರ ದಶಕದ ಮೊದಲ ವರ್ಷಗಳು ಅವು. ಸಾಹುಕಾರರ ಮಗ ನನ್ನ ಕ್ಲಾಸಿನವನು. ಬೆಂಚೂ ಒಂದೇ, ಮಂಡಕ್ಕಿ ಪೊಟ್ಟಣವೂ ಒಂದೇ. ಆ ಮಂಡಕ್ಕಿಯ ರುಚಿ ಆಮೇಲೆ ಎಲ್ಲೂ ಸಿಗಲಿಲ್ಲ ನೋಡಿ.

ಕಾಲೇಜ್ ಡೇಗೆ ನಮ್ಮ ಇಂಗ್ಲಿಷ್ ಮೇಷ್ಟ್ರು ಇಟಲಿಯ ನಾನೂರು ವರ್ಷ ಹಳೆಯ ಪ್ರಹಸನವೊಂದನ್ನು ಕನ್ನಡಕ್ಕೆ ಇಳಿಸಿದರು. ಜಿಪುಣ ಮುದುಕ, ಬಡಾಯಿ ಸಿಪಾಯಿ, ಹೊಟ್ಟೆಬಾಕ ಆಳು, ಎಲ್ಲರೂ ನಮ್ಮ ಪೇಟೆಯಲ್ಲೇ ಸಿಗುವಂಥವರು. ತಾನು ಮೆಚ್ಚಿದ ಹುಡುಗಿಯ ಮನೆಯೊಳಗೆ ನುಗ್ಗಲು ಧಣಿ ಆಳಿನ ವೇಷ ಹಾಕುತ್ತಾನೆ, ಆಳಿಗೆ ತನ್ನ ಬಟ್ಟೆ ತೊಡಿಸುತ್ತಾನೆ. ಆಳಿಗೆ ದರ್ಪ ನೆತ್ತಿಗೇರಿ, ಎಲ್ಲರೆದುರು ಧಣಿಯ ಕುಂಡಿಗೆ ಒದೆಯುತ್ತಾನೆ. ಧಣಿ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಗುಟ್ಟು ರಟ್ಟು! ಧಣಿಯ ಪಾತ್ರ ಸಾಹುಕಾರರ ಮಗನಿಗೆ, ಆಳಿನದು ನನಗೆ. ಅವನು ತನ್ನಪ್ಪನ ಕೋಟು, ಜರಿ ರುಮಾಲು ತಂದ. ನಾನು ನನ್ನಪ್ಪನ ತೇಪೆ ಅಂಗಿ ತಂದೆ.

ನಾಟಕದ ದಿನ ಬೆಳಿಗ್ಗೆ ರೈಲಿನಲ್ಲಿ ಒದೆಯ ಸಂಗತಿ ಬಾಯಿತಪ್ಪಿ ಹೇಳಿಬಿಟ್ಟೆ. ಅಪ್ಪನ ಮುಖ ಸಣ್ಣದಾಯಿತು.

"ಸಾಹುಕಾರ್ರು ಮುಂದ್ಗಡೇನೇ ಕೂತಿರ್ತಾರೆ. ಏನಾರ ಮಾಡು, ಕಾಲು ಮಾತ್ರ ಎತ್ತಬ್ಯಾಡಪ್ಪ. ನನ್ನ ಕೆಲಸ ಹೋದ್ರೆ ನಿನ್ನ ಕಾಲೇಜೂ ಅಲ್ಲಿಗೇ ಮುಗೀತು."

ಹ್ಞೂಂ ಎಂದೆ.

ಮಧ್ಯಾಹ್ನ ನಾಟಕ ಶುರುವಾಯಿತು. ಜನ ಬಿದ್ದುಬಿದ್ದು ನಗುತ್ತಿದ್ದರು. ಆ ಘಟ್ಟ ಬಂತು, ಗೆಳೆಯ ನನಗೆ ಬೆನ್ನು ಹಾಕಿ ಬಾಗಿ ನಿಂತ. ಮುಂದಿನ ಸಾಲಿನಲ್ಲಿ ಸಾಹುಕಾರರು, ಕೊನೆಯ ಗೋಡೆಗೆ ಒರಗಿ ಅಪ್ಪ, ನನ್ನ ಮೈಮೇಲೆ ಸಾಹುಕಾರರ ಕೋಟು, ಕಣ್ಣೆದುರಿಗೆ ಗೆಳೆಯನ ಬೆನ್ನ ಮೇಲೆ ಅಪ್ಪನದೇ ಅಂಗಿ. ಕಾಲು ಏಳಲೇ ಇಲ್ಲ. ಅಯ್ಯೋ, ಆ ಒಂದು ನಿಮಿಷ ನನ್ನ ಶತ್ರುವಿಗೂ ಬೇಡ! ಕಡೆಗೆ ಬಾಗಿದ್ದವನೇ ಕೂಗಿದ:

"ಧಣೇರ, ಬೇಗ ಒದೀರಿ, ಸೊಂಟ ಹಿಡ್ಕಂತೈತೆ!"

ಮಾತು ನಾಟಕದ್ದಲ್ಲ, ಅವನ ಸ್ವಂತದ್ದು. ಸಭೆ ಹೋ ಎಂದಿತು. ನನಗೇನಾಯಿತೋ, ಒದ್ದೇಬಿಟ್ಟೆ. ಅವನು ಮುಗ್ಗರಿಸಿ ರಂಗದ ಅಂಚಿಗೆ ಹೋಗಿ ಬಿದ್ದ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆಯ ಹತ್ತಿರ ಅಪ್ಪ ಕಾಣಲಿಲ್ಲ.

ಸಂಜೆ ರೈಲಿನಲ್ಲಿ ಅಪ್ಪ ತುಟಿ ಬಿಚ್ಚಲಿಲ್ಲ.

"ಸಾಹುಕಾರ್ರು ನಕ್ಕರಲ್ಲಪ್ಪಾ," ಎಂದೆ. ಅಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ನನ್ನ ಓದು ಮುಗಿಯಿತೆಂದೇ ತಿಳಿದೆ, ಅಳು ಬಂತು.

ಹರಿಹರದಲ್ಲಿ ಇಳಿದೆವು. ಜೊತೆಗೆ ಇಳಿದವರೆಲ್ಲ ತಮ್ಮ ತಮ್ಮ ದಾರಿ ಹಿಡಿದರು. ಅಪ್ಪ ಹಿಂದೆ ನೋಡಿದ, ಮುಂದೆ ನೋಡಿದ, ದಾವಣಗೆರೆಯವರ ಪೈಕಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ತಡೆಯಲಾರದೆ ನಗಲು ಶುರುಮಾಡಿದ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅಪ್ಪ ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನ್ನ ಹೆಗಲಿಗೆ ಕೈ ಹಾಕಿ, ಕಿವಿಯ ಹತ್ತಿರ ಬಂದು ಹೇಳಿದ:

"ಇನ್ನೊಂಚೂರು ಜೋರಾಗಿ ಒದೀಬೇಕಿತ್ತಲೇ."